ಎರಡನೇ ಭಾಗ, ಸೆಕೆಂಡ್ ಹ್ಯಾಂಡ್

ಹಿಲ್ಡಾ ಸಿಸ್ಟರ್, ಕೇಳಿದಿರಿ ಅಂತ ನಿಜ ಹೇಳುತ್ತೇನೆ.
ಮಾಲೀಕ ಜಾಸಿಮ್ ಅಸರ್ ನಮಾಜಿಗೆ ಹೋಗಿದ್ದಾನೆ,
ಅವನಿದ್ದರೆ ಅಂಗಡಿಯ ಎಲ್ಲ ಡಿಸ್ಕೂ ನಂಬರ್ ವನ್.
ಗುದೈಬಿಯಾದ ಈ ಗಲ್ಲಿಯಲ್ಲಿ
ಹಳೇ ಆಟ ಕೊಂಡು, ಒರೆಸಿ, ಮಾರುವುದು ನನ್ನ ಕೆಲಸ.
ನೀವು ಕೈಯಲ್ಲಿ ಹಿಡಿದದ್ದಕ್ಕೆ ಏಳು ದಿನಾರು.
ವಾರದೊಳಗೆ ತಂದರೆ ಐದು ವಾಪಸು.
ತಂದವರೇ ಹೆಚ್ಚು.

ಮೊದಲು ಹುಳುಕು.
ಮೊದಲ ಭಾಗದಲ್ಲಿ ಕೆಂಪಗಿದ್ದ ಮೃಗ
ಇದರಲ್ಲಿ ನೀಲಿ. ಹೆಸರು ಎರಡಕ್ಷರ ಉದ್ದ.
ಬಾಲ ಬೀಸುವುದು ಅದೇ ಎಡಕ್ಕೆ,
ಮೂರು ಹೆಜ್ಜೆ ಹಿಂದೆ ಸರಿದು ನುಗ್ಗುವುದೂ ಹಾಗೇ.
ಕಾಡು ಅದೇ ಕಾಡು, ಮೇಲೆ ಹಿಮ ಸುರಿದಿದ್ದಾರೆ.
ಊರಬಾಗಿಲ ಮುದುಕಿ ನೂರು ಸಲ ಹೋದರೂ
‘ಹೊಸಬನಾ ಮಗಾ?’ ಅನ್ನುತ್ತಾಳೆ,
ವೀಸಾ ಕಚೇರಿಯ ಕಿಟಕಿಯ ಹಾಗೆ.
ಕತೆ ಅಂತ ಒಂದಿದೆ, ಪಾಯಸದಲ್ಲಿ ಗೋಡಂಬಿಯಷ್ಟು,
ಅದೂ ಕ್ಯಾಂಟೀನಿನ ಪಾಯಸ.
ಮೃಗ ಬಂಡೆಗೆ ಒರಗಿತೋ
ಕ್ಯಾಮೆರಾ ಅದರ ಹೊಟ್ಟೆಯೊಳಗೆ ಹೊಕ್ಕು
ನಿಮಗೆ ಬರೀ ತುಪ್ಪಳ ಕಾಣುತ್ತದೆ; ಸಾಯುವುದು ನೀವು.

ಮತ್ತೆ ಆ ಕೊಂಬು.
ಒಂದು ಕತ್ತಿಗೆ ಒಂದು ಎಡಗೊಂಬು ಬೇಕು.
ನೂರು ಬೇಟೆಗೆ ಮೂರು ಸಲ ಸಿಗುತ್ತದಂತೆ.
ನನಗೆ ನಲವತ್ತೊಂದನೆಯದಕ್ಕೆ.
ನಲವತ್ತು ರಾತ್ರಿ ಎಲುಬು, ಚರ್ಮ, ಎಲುಬು, ಚರ್ಮ.
ಅಂಗಡಿ ಮೇಲಿನ ಕೋಣೆಯಲ್ಲಿ ನಾವು ಐವರು,
ಬಂಕಿನ ಕೆಳಗಿಂದ ಶಿರೂರಿನ ಮುಝಮ್ಮಿಲ್
‘ಗಾಣದೆತ್ತಿಗೂ ಶುಕ್ರವಾರ ರಜೆ ಉಂಟು ಮಾರಾಯಾ’ ಅಂದ.
ಕತ್ತಿ ಮಾಡಿಸಿದೆ. ಎರಡು ದಿನ ಖುಷಿ.
ಆಮೇಲೆ ಕಮ್ಮಾರ ಬಲಗೊಂಬು ಕೇಳಿದ.

ಇನ್ನು ಒಳ್ಳೆಯದು. ಇದನ್ನು ಹೇಳುವುದು ಕಷ್ಟ.
ಕತ್ತಿಗೆ ತೂಕವಿದೆ, ಸಿಸ್ಟರ್.
ಗುಂಡಿ ಒತ್ತಿದ ಮೇಲೆ ಅದು ಏಳುವುದಕ್ಕೇ ಒಂದು ಉಸಿರು ಬೇಕು,
ಬಾವಿಯಿಂದ ತುಂಬಿದ ಕೊಡಪಾನ ಎಳೆದ ಹಾಗೆ.
ತಪ್ಪಿದರೆ ತಪ್ಪಿತು, ನಡುದಾರಿಯಲ್ಲಿ ವಾಪಸು ಕರೆಯುವಂತಿಲ್ಲ.
ತಗುಲಿದರೆ ಮೊಣಕೈವರೆಗೂ ತಗುಲುತ್ತದೆ.
ಹತ್ತನೇ ಬೇಟೆಗೆ ಅದರ ಕಿವಿ ನೋಡಲು ಕಲಿಯುತ್ತೀರಿ,
ಇಪ್ಪತ್ತಕ್ಕೆ ಉಸಿರು.
ಮೂವತ್ತು ದಾಟಿದ ಮೇಲೆ
ಇದು ಅದೇ ಮೃಗ ಅಲ್ಲ ಅನ್ನಿಸುತ್ತದೆ, ಅಥವಾ
ಅದೇ ನಾನಲ್ಲ.
ನಮ್ಮಲ್ಲಿ ಮೇಳದ ಬಣ್ಣದ ವೇಷ
ಆರು ತಿಂಗಳು ದಿನಾ ರಾತ್ರಿ ಸಾಯುತ್ತಿತ್ತು,
ಬೆಳಗ್ಗೆ ಮುಖ ಒರೆಸಿ ಚಾ ಕುಡಿದು
ಪಕ್ಕದೂರಿನ ಗದ್ದೆಗೆ ಲಾರಿ ಹತ್ತುತ್ತಿತ್ತು.
‘ಮತ್ತೆ ಅದೇನಾ’ ಅಂತ ನನ್ನಜ್ಜ ಒಂದು ದಿನ ಕೇಳಲಿಲ್ಲ.
ನಿದ್ದೆ ಮಾತ್ರ ಮಾಡುತ್ತಿದ್ದ,
ಅಬ್ಬರಕ್ಕೆ ಸರಿಯಾಗಿ ಏಳುತ್ತಿದ್ದ.

ನೀವು ನಕ್ಕಿರಿ.
‘ನನ್ನ ವಾರ್ಡಿನಲ್ಲಿ ಒಬ್ಬರಿದ್ದಾರೆ,
ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಬೇಕು.
ಹನ್ನೊಂದು ತಿಂಗಳಾಯಿತು, ಕೊಂಬೇನೂ ಸಿಕ್ಕಿಲ್ಲ’ ಅಂದಿರಿ.
ಏಳು ದಿನಾರು ಎಣಿಸಿಟ್ಟಿರಿ. ಬಿಲ್ಲು ಬೇಡ ಅಂದಿರಿ.

ವಾರ ಕಳೆಯಿತು, ತರಲಿಲ್ಲ.
ತಿಂಗಳಾಯಿತು.

ನಿನ್ನೆ ಬೆಳಗಿನ ಜಾವ ಮೂರೂವರೆಗೆ
ಬೇಟೆಗಾರರ ಪಟ್ಟಿಯಲ್ಲಿ ಒಂದು ಹೆಸರು: ಶಿರ್ವದ ಕೋಳಿ.
ನೀವೇ ಅಂತ ಖಾತ್ರಿ ಇಲ್ಲ. ಕೇಳುವ ದಾರಿಯೂ ಇಲ್ಲ,
ನನ್ನ ಮೈಕು ಕೆಟ್ಟು ವರ್ಷವಾಯಿತು.
ಹೆಪ್ಪುಗಟ್ಟಿದ ಹೊಳೆಯ ಹತ್ತಿರ ಕೂಡಿಕೊಂಡು
ಮಾತಿಲ್ಲದೆ ಹೊಡೆದೆವು, ಅದು ನುಗ್ಗಿತು, ಸರಿದೆವು.

ಅವತ್ತು ನಿಮಗೆ ಒಂದು ವಿಷಯ ಹೇಳಲಿಲ್ಲ,
ಹುಳುಕಿಗೆ ಸೇರಿಸುವುದೋ ಒಳ್ಳೆಯದಕ್ಕೋ ತಿಳಿಯದೆ:
ಸಾಯುವ ಮೊದಲು ಅದು ಕುಂಟುತ್ತದೆ.
ಒಂದು ಕಾಲು ಎಳೆದುಕೊಂಡು ಗುಡ್ಡ ಹತ್ತಿ
ಗೂಡಿಗೆ ಹೋಗಿ
ಮಲಗುತ್ತದೆ.

ಹಿಂದೆಯೇ ಹೋದೆವು.
ಕೋಳಿ ಕತ್ತಿಯನ್ನು ಒರೆಗೆ ಸೇರಿಸಿದಳು.
ಒಂದು ಸುತ್ತು ಬಂದು
ಅದು ಯಾವ ಮಗ್ಗುಲಿಗೆ ಮಲಗಿದೆ ಅಂತ ನೋಡಿದ ಹಾಗಿತ್ತು.
ನನಗೆ ಬಲಗೊಂಬು ಬೇಕಿತ್ತು.
ಎಸಿಯ ನೀರು ಮುಝಮ್ಮಿಲನ ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.
ಪರದೆಯ ಮೂಲೆಯಲ್ಲಿ ಇನ್ನೂ ನಾಲ್ಕು ನಿಮಿಷ.